‘ಲೀನ್’ ಕೋಡ್ ಬಂತು ಅಂತ ಸೆನ್ಸರ್ ಬದಲಾಯಿಸಬೇಡಿ

ಕತ್ತಲಗೆರೆಯಿಂದ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. ಹಳದಿ ಬೋರ್ಡಿನ ಹಳೇ ಪೆಟ್ರೋಲ್ ಕಾರು, ಚನ್ನಗಿರಿ, ದಾವಣಗೆರೆ ಅಂತ ಬಾಡಿಗೆ ಹೊಡೀತಾರೆ. “ಅಣ್ಣಾ, ಚೆಕ್ ಎಂಜಿನ್ ಲೈಟ್ ಹತ್ತಿದೆ. ನಿಂತಲ್ಲಿ ಎಂಜಿನ್ ನಡುಗುತ್ತೆ. ಸ್ಕ್ಯಾನರಲ್ಲಿ ಪಿ0171 ಅಂತ ಬಂತು. ಗ್ಯಾರೇಜಲ್ಲಿ ಆಕ್ಸಿಜನ್ ಸೆನ್ಸರ್ ಹಾಕ್ಸು ಅಂತಿದ್ದಾರೆ, ಹಾಕ್ಸಲಾ?”

ಸೆನ್ಸರ್ ದುಡ್ಡು ಅಂದ್ರೆ ಅವರಿಗೆ ಎಷ್ಟೋ ದಿನದ ಬಾಡಿಗೆ. ನನ್ನ ಉತ್ತರ: ಈಗಲೇ ಬೇಡ.

ಪಿ0171 ಅಂದ್ರೆ ಮಿಶ್ರಣ ಲೀನ್ ಆಗಿದೆ, ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. 1 ಕೆಜಿ ಪೆಟ್ರೋಲ್ ಸರಿಯಾಗಿ ಉರಿಯೋಕೆ 14.7 ಕೆಜಿ ಗಾಳಿ ಬೇಕು. ಹೊಗೆಯಲ್ಲಿ ಆಮ್ಲಜನಕ ಉಳಿದಿದೆ ಅಂತ ಆಕ್ಸಿಜನ್ ಸೆನ್ಸರ್ ವರದಿ ಕೊಟ್ಟಿದೆ ಅಷ್ಟೇ. ನಾನು ಬಿಕಾಂ ಓದಿದವನು, ನಂಗೆ ಇದು ಹೀಗೆ ಕಾಣುತ್ತೆ: ಕ್ಯಾಷ್ ಕಮ್ಮಿ ಇದೆ ಅಂತ ಹೇಳಿದ ಗುಮಾಸ್ತನನ್ನೇ ಕೆಲಸದಿಂದ ತೆಗೆದ ಹಾಗೆ.

ಹಾಗಾದ್ರೆ ಸೋರಿಕೆ ಎಲ್ಲಿ? ಸ್ಕ್ಯಾನರಲ್ಲಿ ‘ಫ್ಯುಯೆಲ್ ಟ್ರಿಮ್’ ಅಂತ ಇರುತ್ತೆ, ಕೋಡ್ ಜೊತೆ ಅದನ್ನೂ ತೋರಿಸಿ ಅಂತ ಕೇಳಿ. ಲೀನ್ ಕಂಡಾಗ ಕಾರಿನ ಕಂಪ್ಯೂಟರ್ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚಿಗೆ ಸುರೀತಿದೆ ಅನ್ನೋ ಲೆಕ್ಕ ಅದು. ಶಾರ್ಟ್, ಲಾಂಗ್ ಎರಡನ್ನೂ ಕೂಡಿಸಿ. ಪ್ಲಸ್ 10ರೊಳಗಿದ್ರೆ ಸಾಮಾನ್ಯವಾಗಿ ಚಿಂತೆಯಿಲ್ಲ.

ಎಂಜಿನ್ ಬಿಸಿಯಾದ ಮೇಲೆ ಎರಡು ಸಲ ನೋಡಿ: ಐಡ್ಲಿಂಗಲ್ಲಿ ಒಮ್ಮೆ, 2500 ಆರ್‌ಪಿಎಂನಲ್ಲಿ ಒಮ್ಮೆ. ನಮ್ಮ ಕೇಳುಗರ ಗಾಡಿಯಲ್ಲಿ ಪ್ಲಸ್ 24 ಇದ್ದದ್ದು ಪ್ಲಸ್ 6ಕ್ಕೆ ಇಳೀತು. ಅಂದ್ರೆ ಎಲ್ಲೋ ಪೈಪ್ ಗಾಳಿ ಎಳೀತಿದೆ. ಯಾಕಂದ್ರೆ ಐಡ್ಲಿಂಗಲ್ಲಿ ಎಂಜಿನ್ ಎಳೆಯೋ ಗಾಳಿನೇ ಕಮ್ಮಿ. ನೂರು ರೂಪಾಯಿ ಕಳೆದ್ರೆ ಟೀ ಅಂಗಡಿ ಗಲ್ಲಾದಲ್ಲಿ ತಕ್ಷಣ ಗೊತ್ತಾಗುತ್ತೆ, ಅಡಿಕೆ ಮಂಡಿ ಲೆಕ್ಕದಲ್ಲಿ ಕಾಣಲ್ಲ.

ಉಲ್ಟಾ ಆದ್ರೆ, ಅಂದ್ರೆ ಐಡ್ಲಿಂಗ್ ಸರಿ ಇದ್ದು ಏರು ಹತ್ತುವಾಗ ಟ್ರಿಮ್ ಜಿಗಿದ್ರೆ, ಫ್ಯುಯೆಲ್ ಪಂಪ್, ಫಿಲ್ಟರ್ ಅಥವಾ ಧೂಳು ಕೂತ ಏರ್ ಫ್ಲೋ ಸೆನ್ಸರ್ ನೋಡಿ. ಇಂಥ ಗಾಡಿನ ಲೋಡ್ ಹಾಕಿ ಓಡಿಸ್ತಾ ಇದ್ರೆ ಮಿಸ್‌ಫೈರ್ ಆಗಿ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಹೋಗಬಹುದು, ಅದು ಇನ್ನೂ ದುಬಾರಿ.

ಒಂದು ಮಾತು, ಗಾಳಿ ಲೀಕಿನ ಈ ಲೆಕ್ಕ ಏರ್ ಫ್ಲೋ ಸೆನ್ಸರ್ ಇರೋ ಗಾಡಿಗೆ. ಬರೀ ಮ್ಯಾಪ್ ಸೆನ್ಸರ್ ಇದ್ರೆ ಲೀಕ್ ಆದಾಗ ಟ್ರಿಮ್‌ಗಿಂತ ಐಡ್ಲಿಂಗೇ ಏರಬಹುದು.

ಇ20 ಪೆಟ್ರೋಲ್ ಕಾರಣನಾ ಅಂತ ತುಂಬ ಜನ ಕೇಳ್ತೀರಿ. 2023ರ ಫೆಬ್ರುವರಿಯಲ್ಲಿ ಬೆಂಗಳೂರಲ್ಲೇ ಶುರುವಾಯ್ತಲ್ಲ, ಅದು. ಎಥೆನಾಲ್‌ನಲ್ಲೇ ಆಮ್ಲಜನಕ ಇರೋದ್ರಿಂದ ಹಳೇ ಗಾಡಿಗಳಲ್ಲಿ ಟ್ರಿಮ್ ಸ್ವಲ್ಪ ಮೇಲೆ ಹೋಗುತ್ತೆ, ನಿಜ. ಆದ್ರೆ ಆರ್‌ಪಿಎಂ ಏರಿಸಿದ ತಕ್ಷಣ 24ರಿಂದ 6ಕ್ಕೆ ಇಳಿಯೋದು ಪೆಟ್ರೋಲ್ ಬಂಕಿನ ತಪ್ಪಲ್ಲ.

ಪೈಪ್ ಹುಡುಕೋಕೆ ಬಿಸಿ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಹೊಡೀತಾರೆ, ಬೆಂಕಿ ಹತ್ತುತ್ತೆ ಮಾರಾಯ್ರೆ. ಸ್ಮೋಕ್ ಟೆಸ್ಟ್ ಮಾಡಿಸಿ. ನಮ್ಮವರು ಮಾಡಿಸಿದ್ರು. ಪಿಸಿವಿ ಪೈಪ್ ಕೆಳಗಡೆ ಸೀಳಿತ್ತು, ಹಲ್ಲಿನ ಗುರುತು ಬೇರೆ. ಅಡಿಕೆ ಚೀಲದ ಪಕ್ಕ ಗಾಡಿ ನಿಲ್ಸಿದ್ರೆ ಇಲಿ ಬಿಡುತ್ತಾ! ಪೈಪ್ ಬದಲಾಯಿಸಿ ಕೋಡ್ ಅಳಿಸಿದ್ದಾರೆ. ಹಳೇ ಆಕ್ಸಿಜನ್ ಸೆನ್ಸರೇ ಓಡ್ತಿದೆ.