ಸಣ್ಣವರಿಗೂ ಸಾಧ್ಯ: ಮಸ್ಕಿಯ ಬಂಡೆ ಹೇಳುವ ಶಿಸ್ತಿನ ಮಾತು

ಸಂತೆಕಲ್ಲೂರಿನಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ವಿಷಯ ಶಿಸ್ತು. ಶಾಲೆಯಲ್ಲಿ ಸಾಲಾಗಿ ನಿಲ್ಲಿಸೋ ಶಿಸ್ತಲ್ಲ, ನಮಗೆ ನಾವೇ ಹಾಕಿಕೊಳ್ಳೋ ಶಿಸ್ತು.

ನಮ್ಮ ಭಾಗದ ಹುಡುಗ ಹುಡುಗಿಯರು ಈ ವಿಷಯದಲ್ಲಿ ಕೇಳೋದು ಹೆಚ್ಚಾಗಿ ಒಂದೇ ಪ್ರಶ್ನೆ. "ಟೈಮ್ ಟೇಬಲ್ ಹಾಕ್ತೀನಿ, ಮೂರು ದಿನ ನಡೀತದ, ನಾಲ್ಕನೇ ದಿನ ನಿಂತು ಹೋಗ್ತದ. ನನ್ನಾಗ ಏನರ ಕೊರತಿ ಐತೇನು?" ಯೂಟ್ಯೂಬ್ ತೆರೆದರೆ ಸಿಗೋ ಉತ್ತರ ಏನು? ಬೆಳಿಗ್ಗೆ ನಾಲ್ಕಕ್ಕೆ ಏಳು, ತಣ್ಣೀರು ಸ್ನಾನ ಮಾಡು, ದೊಡ್ಡ ಸಾಧಕರ ಹಾಗೆ ಬದುಕು. ಅಂದರೆ ಶಿಸ್ತು ಅನ್ನೋದು ದೊಡ್ಡವರಿಗೆ ಹುಟ್ಟುತ್ತಲೇ ಬಂದ ಗುಣ, ನಮ್ಮಂಥವರು ಅವರನ್ನು ನೋಡಿ ಕಲೀಬೇಕು ಅನ್ನೋ ಲೆಕ್ಕ.

ಈ ಲೆಕ್ಕ ತಪ್ಪು ಅಂತ ಹೇಳೋ ಒಂದು ಬಂಡೆ ನಮ್ಮ ಪಕ್ಕದಲ್ಲೇ ಇದೆ. ಮಸ್ಕಿ ಬೆಟ್ಟದಲ್ಲಿರೋ ಅಶೋಕನ ಶಾಸನ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಸಿ. ಬೀಡನ್ ಅನ್ನೋ ಇಂಜಿನಿಯರ್ ಕಣ್ಣಿಗೆ ಅದು ಬಿತ್ತು. ಅಲ್ಲಿವರೆಗೆ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅನ್ನೋ ಬಿರುದುಗಳಷ್ಟೇ ಇದ್ದವು. 'ಅಶೋಕ' ಅನ್ನೋ ಹೆಸರು ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ. ಇಷ್ಟು ನಾವು ಶಾಲೆಯಲ್ಲಿ ಒಂದು ಅಂಕದ ಪ್ರಶ್ನೆ ಅಂತ ಬಾಯಿಪಾಠ ಮಾಡಿರ್ತೀವಿ. ಆದರೆ ಆ ಬಂಡೆ ಮೇಲೆ ಏನು ಬರೆದಿದೆ ಅಂತ ಎಷ್ಟು ಜನ ಓದಿದೀವಿ?

ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅದರ ತಿರುಳು ಇಷ್ಟು: ಧರ್ಮದಲ್ಲಿ ತೊಡಗಿಕೊಂಡರೆ ಈ ಗುರಿಯನ್ನು ಸಣ್ಣ ಮನುಷ್ಯನೂ ಮುಟ್ಟಬಹುದು. ದೊಡ್ಡವರಿಗೆ ಮಾತ್ರ ಇದು ಸಾಧ್ಯ ಅಂತ ತಿಳೀಬೇಡಿ. ಸಣ್ಣವರಿಗೂ ದೊಡ್ಡವರಿಗೂ ಈ ಮಾತು ಹೇಳಿ. ಹೀಗೆ ನಡೆದರೆ ಇದು ಒಂದೂವರೆ ಪಟ್ಟು ಬೆಳೀತದೆ. ಹೇಳ್ತಾ ಇರೋನು ಯಾರು? ಆ ಕಾಲದ ಅತಿ ದೊಡ್ಡ ಚಕ್ರವರ್ತಿ. ಅವನ ಗುರಿ ಧರ್ಮ, ನಮ್ಮ ಗುರಿ ನೌಕರಿ ಇರಬಹುದು, ಡಿಗ್ರಿ ಇರಬಹುದು, ಸಾಲ ತೀರಿಸೋದಿರಬಹುದು. ಆದರೆ ಪ್ರಯತ್ನದ ಬಗ್ಗೆ ಅವನು ಹೇಳಿದ್ದು ನಮಗೂ ಹೊಂದುತ್ತೆ.

ಮಸ್ಕಿಯ ಕಲ್ಲು ಅಲ್ಲಲ್ಲಿ ಸವೆದಿದೆ. ಇದೇ ಶಾಸನ ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಇನ್ನಷ್ಟು ಪೂರ್ತಿಯಾಗಿ ಸಿಗುತ್ತೆ. ಅಲ್ಲಿ ಇನ್ನೊಂದು ವಿಷಯ ಇದೆ. ನಾನು ಉಪಾಸಕನಾಗಿ ಎರಡೂವರೆ ವರ್ಷಕ್ಕಿಂತ ಹೆಚ್ಚಾಯಿತು, ಆದರೆ ಒಂದು ವರ್ಷ ನಾನು ಅಷ್ಟೇನೂ ಶ್ರಮ ಹಾಕಲಿಲ್ಲ, ಸಂಘದ ಹತ್ತಿರ ಬಂದ ಮೇಲೆ, ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ, ಚೆನ್ನಾಗಿ ಶ್ರಮ ಹಾಕ್ತಾ ಇದ್ದೀನಿ ಅಂತ ಅಶೋಕ ಹೇಳಿಕೊಂಡಿದ್ದಾನೆ.

ಯೋಚನೆ ಮಾಡ್ರಿ. ಅಧಿಕಾರ, ಸೈನ್ಯ, ಸಂಪತ್ತು ಎಲ್ಲಾ ಇದ್ದವನ ಮೊದಲ ವರ್ಷವೂ ಢೀಲಾಗಿಯೇ ಹೋಯಿತು. ಅದನ್ನ ಅವನು ಮುಚ್ಚಿಡಲಿಲ್ಲ, ಕಲ್ಲಿನ ಮೇಲೆ ಕೆತ್ತಿಸಿದ. ಆಮೇಲೆ ಬದಲಾಗಿದ್ದೇನು? ಸಂಘ. ಅಂದರೆ ಅದೇ ಕೆಲಸದಲ್ಲಿ ತೊಡಗಿರೋ ಜನರ ಜೊತೆ. ನಾನು ಇವತ್ತು ಹೇಳಬೇಕಂತಿರೋದೂ ಇದನ್ನೇ. ಶಿಸ್ತು ಒಬ್ಬನ ಎದೆಯೊಳಗಿನ ಛಲದಿಂದ ಬಹಳ ದಿನ ನಡೆಯೋದಿಲ್ಲ. ಗೊತ್ತಾದ ಹೊತ್ತು, ಸಣ್ಣ ಅಳತೆ, ಲೆಕ್ಕದ ಪುಸ್ತಕ, ಕೇಳೋರು ನಾಲ್ಕು ಜನ. ಇಷ್ಟಿದ್ದರೆ ನಡೀತದೆ.

ಇದಕ್ಕೆ ಪುರಾವೆ ಬೇಕಾ? ನಮ್ಮೂರುಗಳ ಮಹಿಳಾ ಸಂಘಗಳನ್ನ ನೋಡ್ರಿ. ನಬಾರ್ಡ್ 1992ರಲ್ಲಿ 500 ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸೋ ಪ್ರಯೋಗ ಶುರು ಮಾಡಿತು. ಅದಕ್ಕೂ ಮೊದಲೇ, ಎಂಬತ್ತರ ದಶಕದಲ್ಲಿ, ಕರ್ನಾಟಕದಲ್ಲಿ ಮೈರಾಡ ಸಂಸ್ಥೆ ಇಂಥ ಗುಂಪುಗಳನ್ನು ಕಟ್ಟಿತ್ತು. ಆಮೇಲೆ ಸ್ತ್ರೀಶಕ್ತಿ ಬಂತು, ಸಂಜೀವಿನಿ ಬಂತು. ಇವಕ್ಕೆಲ್ಲ ಐದು ನಿಯಮ ಹೇಳ್ತಾರೆ, ಪಂಚಸೂತ್ರ ಅಂತ. ತಪ್ಪದೆ ಸಭೆ, ತಪ್ಪದೆ ಉಳಿತಾಯ, ಒಳಗೊಳಗೇ ಸಾಲ, ಹೊತ್ತಿಗೆ ಸರಿಯಾಗಿ ಮರುಪಾವತಿ, ಬರೆದಿಟ್ಟ ಪುಸ್ತಕ.

ಕಾಮರ್ಸ್ ಓದಿದವನು ನಾನು, ಲೆಕ್ಕ ಹಾಕದೆ ಬಿಡಲ್ಲ. ಹದಿನೈದು ಜನ, ವಾರಕ್ಕೆ ತಲಾ ₹50. ವರ್ಷಕ್ಕೆ 52 ವಾರ. ಒಬ್ಬೊಬ್ಬರದು ₹2,600, ಎಲ್ಲಾ ಸೇರಿ ₹39,000. ಕೂಲಿ ದುಡ್ಡಿನಲ್ಲಿ ಮನೆ ನಡೆಸೋ ಅಕ್ಕನಿಗೆ ಒಬ್ಬಳೇ ಮನೆಯಲ್ಲಿ ₹2,600 ಉಳಿಸಿಡೋದು ಕಷ್ಟ. ಹಬ್ಬ ಬರ್ತದೆ, ಮಗುವಿಗೆ ಜ್ವರ ಬರ್ತದೆ, ಡಬ್ಬಿ ಖಾಲಿ. ಅದೇ ಅಕ್ಕ ಸಂಘದಲ್ಲಿ ವಾರ ತಪ್ಪದೆ ಕಟ್ತಾಳೆ. ಅವಳ ಮನಸ್ಸು ಬದಲಾಗಿಲ್ಲ, ವ್ಯವಸ್ಥೆ ಬದಲಾಗಿದೆ. ವಾರ ಗೊತ್ತು, ಮೊತ್ತ ಸಣ್ಣದು, ಪುಸ್ತಕದಲ್ಲಿ ಹೆಸರಿದೆ, ಬರದಿದ್ದರೆ "ಯಾಕವ್ವಾ ಬಂದಿಲ್ಲ" ಅಂತ ಕೇಳೋರಿದ್ದಾರೆ.

ಓದಿಗೂ ಇದೇ ಲೆಕ್ಕ. ಒಬ್ಬ ಹುಡುಗ ತಿಂಗಳಿಗೊಮ್ಮೆ ಹುರುಪು ಬಂದಾಗ ದಿನಕ್ಕೆ ಹತ್ತು ತಾಸಿನಂತೆ ಮೂರು ದಿನ ಓದಿ ಬಿಡ್ತಾನೆ. ವರ್ಷಕ್ಕೆ 360 ತಾಸು. ಇನ್ನೊಬ್ಬಳು ಹತ್ತಿ ಬಿಡಿಸೋಕೆ ಹೋಗಿ ಬಂದು ದಿನಕ್ಕೆ ಎರಡೇ ತಾಸು ಓದ್ತಾಳೆ, ವಾರಕ್ಕೆ ಆರು ದಿನ. ವರ್ಷಕ್ಕೆ 624 ತಾಸು. ನೋಡೋರಿಗೆ ಅವನೇ ಕಷ್ಟಪಟ್ಟ ಹಾಗೆ ಕಾಣ್ತದೆ. ಪುಸ್ತಕ ತೆರೆದರೆ ಅವಳ ಖಾತೆಯಲ್ಲಿ ಹೆಚ್ಚು ಜಮಾ.

ಇನ್ನೊಂದು ಮಾತು, ಹೊತ್ತಿನದು. ನಮ್ಮೂರಿನ ಘನಮಠದ ನಾಗಭೂಷಣ ಶಿವಯೋಗಿಗಳು 19ನೇ ಶತಮಾನದಲ್ಲೇ 'ಕೃಷಿ ಜ್ಞಾನ ಪ್ರದೀಪಿಕೆ' ಅನ್ನೋ ಬೇಸಾಯದ ಪುಸ್ತಕ ಬರೆದವರು. ಮಠದಲ್ಲಿದ್ದವರು ಒಕ್ಕಲುತನದ ಬಗ್ಗೆ ಪುಸ್ತಕ ಬರೆದರು ಅನ್ನೋದೇ ದೊಡ್ಡ ವಿಷಯ. ಬೇಸಾಯಕ್ಕಿಂತ ದೊಡ್ಡ ಶಿಸ್ತಿನ ಶಾಲೆ ಯಾವುದಿದೆ ಹೇಳ್ರಿ? ಎರೆ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತೋ ರೈತ "ಇವತ್ತು ಮೂಡ್ ಇಲ್ಲ" ಅನ್ನಲ್ಲ. ಉತ್ತರಿ, ಹಸ್ತ ಮಳೆಯ ಹದ ತಪ್ಪಿದರೆ ಬೀಜ ಹುಟ್ಟಲ್ಲ ಅಂತ ಅವನಿಗೆ ಗೊತ್ತು. ಕೆಲಸದ ಹೊತ್ತನ್ನ ಅವನ ಮನಸ್ಸು ನಿರ್ಧರಿಸಲ್ಲ, ನೆಲ ನಿರ್ಧರಿಸ್ತದೆ. ನಮ್ಮ ಕೆಲಸಕ್ಕೂ ಹಂಗೇ ಒಂದು ಹೊತ್ತು ಕಟ್ಟಿಬಿಡಬೇಕು. ರಾತ್ರಿ ಎಂಟು ಅಂದರೆ ಎಂಟು. ಇವತ್ತು ಮನಸ್ಸಿದೆಯಾ ಇಲ್ಲವಾ ಅಂತ ದಿನಾ ಕೇಳಿಕೊಂಡರೆ ಮನಸ್ಸು ಇಲ್ಲ ಅಂತಾನೇ ಹೇಳ್ತದೆ.

ಈಗ ಕಹಿ ಮಾತು. ಶಿಸ್ತಿದ್ದರೆ ಎಲ್ಲಾ ಸಿಗ್ತದೆ ಅನ್ನೋದು ಸುಳ್ಳು. 545 ಪಿಎಸ್‌ಐ ಹುದ್ದೆಗಳ ಲಿಖಿತ ಪರೀಕ್ಷೆ ನೆನಪಿದೆಯಲ್ವಾ? 2021ರ ಅಕ್ಟೋಬರ್ 3ರಂದು ನಡೀತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ಆಗಿದ್ದು 2024ರ ಜನವರಿ 23ಕ್ಕೆ. ಎರಡು ಕಾಲು ವರ್ಷಕ್ಕೂ ಹೆಚ್ಚು. ಪ್ರಾಮಾಣಿಕವಾಗಿ ಓದಿ ಬರೆದವರ ಶಿಸ್ತಿನಲ್ಲಿ ಯಾವ ಕೊರತೆ ಇತ್ತು? ಈ ನಡುವೆ ವಯಸ್ಸು ಏರಿತು, ಮನೆಯಲ್ಲಿ ಮದುವೆ ಮಾತು ಬಂತು, ಕೆಲವರು ಗುಳೆ ಹೊರಟರು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತನ ಕಥೆಯೇ ಇದು. ಅವನು ಹೊಲ ಹಸನು ಮಾಡಿ, ಸಸಿ ಮಡಿ ಹಾಕಿ ಕೂತಿರ್ತಾನೆ. ಮೇಲಿನವರು ನೀರು ಬಿಡದಿದ್ದರೆ ಅವನ ಗದ್ದೆ ಒಣಗ್ತದೆ. ಅವನಿಗೆ ಹೋಗಿ "ನೀನು ಇನ್ನೂ ಶಿಸ್ತು ಕಲಿ" ಅನ್ನೋಕೆ ಬಾಯಿ ಬರ್ತದೇನು?

ಅದಕ್ಕೇ ಎರಡು ಲೆಕ್ಕ ಬೇರೆ ಬೇರೆ ಇಡಬೇಕು. ಒಂದು, ನನ್ನ ಕೈಲಿರೋದು: ಇವತ್ತು ಎರಡು ತಾಸು ಕೂತೆನಾ? ಇನ್ನೊಂದು, ನನ್ನ ಕೈಲಿಲ್ಲದ್ದು: ನೋಟಿಫಿಕೇಶನ್, ಪರೀಕ್ಷೆ, ಫಲಿತಾಂಶ. ಎರಡನೇದರ ನಷ್ಟವನ್ನ ಮೊದಲನೇ ಖಾತೆಗೆ ಬರೆದರೆ ಒಳ್ಳೆ ಹುಡುಗರು "ನಾನೇ ಅಯೋಗ್ಯ" ಅಂತ ಕುಸೀತಾರೆ. ಆ ಎರಡನೇ ಖಾತೆಗೆ ಉತ್ತರ ಸರ್ಕಾರವನ್ನ ಕೇಳಬೇಕು, ಒಟ್ಟಾಗಿ ಕೇಳಬೇಕು. ಹಾಗೇ ಒಂದೇ ಪರೀಕ್ಷೆಯ ಮೇಲೆ ಇಡೀ ಬದುಕು ಇಡಬಾರದು. ಎಕರೆಯ ಒಂದು ಬದಿಗಾದರೂ ಬೇರೆ ಬೆಳೆ ಇರಲಿ. ಟ್ಯಾಲಿ ಕಲೀರಿ, ಟೈಪಿಂಗ್ ಕಲೀರಿ, ಕೈಗೆ ಒಂದು ಕೆಲಸ ಇರಲಿ.

ಈ ವಾರಕ್ಕೆ ಇಷ್ಟು ಮಾಡ್ರಿ. ಮೂರ್ನಾಲ್ಕು ಜನ ಸೇರಿ. ಊರಿನ ಗ್ರಂಥಾಲಯ, ಗುಡಿ ಕಟ್ಟೆ, ಯಾರದೋ ಮನೆ ಪಡಸಾಲೆ, ಎಲ್ಲಾದರೂ ಆದೀತು. ಹೊತ್ತು ಗೊತ್ತು ಮಾಡಿ. ಎರಡು ತಾಸು ಆಗದಿದ್ದರೆ ಅರ್ಧ ತಾಸಿನಿಂದ ಶುರುವಾಗಲಿ. ಫೋನು ಎಲ್ಲಾ ಒಂದು ಚೀಲದಲ್ಲಿ. ಹತ್ತು ರೂಪಾಯಿ ನೋಟ್‌ಬುಕ್‌ನಲ್ಲಿ ದಿನಾಂಕ, ಹೆಸರು, ಎಷ್ಟು ಹೊತ್ತು, ಬರೀರಿ. ಒಂದು ದಿನ ತಪ್ಪಿತಾ? ತಪ್ಪಿತು ಅಂತ ಬರೀರಿ, ಮರುದಿನ ಬನ್ನಿ. ಎರಡು ದಿನ ಬರದಿದ್ದರೆ ಉಳಿದವರು ಮನೆಗೆ ಹೋಗಿ ಕರೀರಿ. ತಿಂಗಳಾದ ಮೇಲೆ ಆ ಪುಸ್ತಕದ ಒಂದು ಪುಟದ ಫೋಟೋ ನನಗೆ ಕಳಿಸ್ರಿ. ಖಾಲಿ ಬಿಟ್ಟ ದಿನಗಳ ಸಮೇತ.