ಚಿತ್ರ ಹಗುರವಾಗಲಿ, ಅಂಕಿ ಅಳಿಯದಿರಲಿ



ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಸುವರ್ಣಮುಖಿ ನದಿಗೆ ಅಡ್ಡಲಾಗಿರುವ ಬೋರನಕಣಿವೆ ಜಲಾಶಯದ ಮೇಲೆ ನೀವೊಂದು ವರದಿ ಬರೆದಿದ್ದೀರಿ ಎಂದುಕೊಳ್ಳಿ. ಅದರಲ್ಲಿ ಎರಡು ಚಿತ್ರಗಳಿವೆ. ಒಂದು, ಮೊಬೈಲಿನಲ್ಲಿ ತೆಗೆದ ಜಲಾಶಯದ ಛಾಯಾಚಿತ್ರ. ಇನ್ನೊಂದು, ನೀವೇ ಕಪ್ಪು ಶಾಯಿಯಲ್ಲಿ ಬರೆದು ಎತ್ತರ, ಅಗಲ, ನೀರಿನ ಮಟ್ಟಗಳನ್ನು ಗುರುತಿಸಿದ ಕಟ್ಟೆಯ ನಕ್ಷೆ. ಕಳಿಸಹೊರಟರೆ ಕಡತ ಭಾರ. ಕುಗ್ಗಿಸಿದರೆ ಅಂಕಿ ಮಸುಕು. ಇದಕ್ಕೇನು ದಾರಿ?

ಭಾರ ಎಲ್ಲಿಂದ ಬಂತೆಂದು ಮೊದಲು ಲೆಕ್ಕ ಹಾಕೋಣ. ಎ-4 ಹಾಳೆಯನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ 2480 × 3508, ಅಂದರೆ ಸುಮಾರು 87 ಲಕ್ಷ ಚುಕ್ಕೆಗಳಾಗುತ್ತವೆ. ಬಣ್ಣದಲ್ಲಿ ಪ್ರತಿ ಚುಕ್ಕೆಗೆ 3 ಬೈಟ್. ಕುಗ್ಗಿಸದೆ ಇಟ್ಟರೆ ಒಂದೇ ಹಾಳೆಗೆ ಸುಮಾರು 26 ಮೆಗಾಬೈಟ್!

ಛಾಯಾಚಿತ್ರಗಳನ್ನು ಕುಗ್ಗಿಸಲು 'ಜೆಪೆಗ್' ವಿಧಾನವಿದೆ. 1992ರಲ್ಲಿ ಮಾನಕವಾದ ಇದರ ಬೇರು ನಮ್ಮವರದೇ ಒಂದು ಸಂಶೋಧನೆಯಲ್ಲಿದೆ. ಬೆಂಗಳೂರಿನಲ್ಲಿ ಹುಟ್ಟಿ ಓದಿದ ನಾಸಿರ್ ಅಹ್ಮದ್ ಅವರು ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರಲ್ಲಿ 'ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್' ಎಂಬ ಗಣಿತ ವಿಧಾನವನ್ನು ಪ್ರಕಟಿಸಿದರು. ಜೆಪೆಗ್ ಚಿತ್ರವನ್ನು 8 × 8 ಚುಕ್ಕೆಗಳ ಚೌಕಗಳಾಗಿ ಒಡೆದು, ಪ್ರತಿ ಚೌಕವನ್ನೂ ನಿಧಾನ ಹಾಗೂ ವೇಗದ ಏರಿಳಿತಗಳ ಮೊತ್ತವಾಗಿ ಬರೆದುಕೊಳ್ಳುತ್ತದೆ. ಅತಿ ವೇಗದ ಏರಿಳಿತಗಳನ್ನು ನಮ್ಮ ಕಣ್ಣು ಅಷ್ಟಾಗಿ ಗುರುತಿಸದು. ಅವನ್ನು ಬಹುಪಾಲು ಕೈಬಿಡಲಾಗುತ್ತದೆ.

ನೀರು, ಆಕಾಶ, ತೆಂಗಿನ ತೋಟಗಳಿಗೆ ಇದು ಸರಿ. ಆದರೆ ನಕ್ಷೆಯ ಗೆರೆಯಲ್ಲಿ ಬಿಳುಪು ಥಟ್ಟನೆ ಕಪ್ಪಾಗುತ್ತದೆ. ಅಲ್ಲಿ ಬೇಕಾದದ್ದೇ ಆ ವೇಗದ ಏರಿಳಿತ! ಅದನ್ನು ಕಿತ್ತರೆ ಅಂಕಿಯ ಸುತ್ತ ಬೂದು ಕಲೆಗಳು ಮೂಡಿ, 3 ಯಾವುದು, 8 ಯಾವುದು ತಿಳಿಯದಾಗುತ್ತದೆ.

ಆದ್ದರಿಂದ ಎರಡಕ್ಕೂ ಒಂದೇ ಮದ್ದು ಬೇಡ. 4000 × 3000 ಚುಕ್ಕೆಗಳ ಛಾಯಾಚಿತ್ರವನ್ನು 1200 × 900ಕ್ಕೆ ಇಳಿಸಿ ಜೆಪೆಗ್ ಮಾಡಿ. ಆರು ಅಂಗುಲ ಅಗಲಕ್ಕೆ ಅಚ್ಚಾದರೂ ಅಂಗುಲಕ್ಕೆ 200 ಚುಕ್ಕೆಗಳಿರುತ್ತವೆ. ನಕ್ಷೆಯಲ್ಲಿ ಚುಕ್ಕೆಗಳನ್ನು ಕಡಿಮೆ ಮಾಡಬೇಡಿ, ಬಣ್ಣವನ್ನು ಬಿಡಿ. ಬರಿಯ ಕಪ್ಪು-ಬಿಳುಪಿಗೆ ಚುಕ್ಕೆಗೊಂದು ಬಿಟ್ ಸಾಕು. 26 ಮೆಗಾಬೈಟ್ ಸುಮಾರು 1.1ಕ್ಕೆ ಇಳಿಯುತ್ತದೆ. ಬಳಿಕ ಏನನ್ನೂ ಕಳೆಯದೆ ಕುಗ್ಗಿಸುವ 'ಪಿಎನ್‌ಜಿ'ಯಂಥ ವಿಧಾನ ಬಳಸಿದರೆ ಇನ್ನೂ ಹಗುರ. ತಿಪಟೂರು ಸೀಮೆಯಲ್ಲಿ ಕೊಬ್ಬರಿ ಮಾಡುವವರು ಸಿಪ್ಪೆ ಸುಲಿಯುತ್ತಾರೆ, ಚಿಪ್ಪು ಒಡೆಯುತ್ತಾರೆ, ಒಳಗಿನ ಉಂಡೆಗೆ ಏಟು ಬೀಳಗೊಡುವುದಿಲ್ಲ. ನಿಮ್ಮ ಕೆಲಸವೂ ಅಂಥದೇ.

ಒಂದು ಎಚ್ಚರಿಕೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಝೆರಾಕ್ಸ್ ಕಂಪನಿಯ ಯಂತ್ರವೊಂದು ಸ್ಕ್ಯಾನ್ ಮಾಡಿದ ಕಟ್ಟಡದ ನಕ್ಷೆಯನ್ನು ಪರಿಶೀಲಿಸಿದರು. ಮೂಲದಲ್ಲಿ ಮೂರು ಕೋಣೆಗಳ ವಿಸ್ತೀರ್ಣ 14.13, 21.11, 17.42 ಚದರ ಮೀಟರ್. ಪ್ರತಿಯಲ್ಲಿ ಮೂರೂ 14.13! ಒಂದೇ ಥರ ಕಾಣುವ ತುಣುಕುಗಳನ್ನು ಒಂದೇ ಎಂದೆಣಿಸಿ, ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವ ಕುಗ್ಗಿಸುವ ವಿಧಾನ ಇದಕ್ಕೆ ಕಾರಣ. ಮಸುಕಾದ ಅಂಕಿಯನ್ನು ಓದುಗ ಅನುಮಾನಿಸುತ್ತಾನೆ. ಸ್ಪಷ್ಟವಾದ ಸುಳ್ಳು ಅಂಕಿಯನ್ನು ನಂಬಿಬಿಡುತ್ತಾನೆ.

ಹಾಗಾಗಿ ಮೂಲ ಪ್ರತಿಯನ್ನು ಅಳಿಸಬೇಡಿ. ಕುಗ್ಗಿಸಿದ ಪ್ರತಿಯನ್ನು ಒಮ್ಮೆ ಅಚ್ಚುಹಾಕಿ, ಅತಿ ಸಣ್ಣ ಅಂಕಿಯನ್ನು ಮೂಲದೊಡನೆ ಹೋಲಿಸಿ ನೋಡಿ. ನಿಮ್ಮ ನಕ್ಷೆಯ ನೀರಿನ ಮಟ್ಟವನ್ನು ನಂಬಿ ಯಾರೋ ಒಬ್ಬರು ತೂಬು ಎತ್ತಬಹುದು.