ಅಂಗೈ ಮುಂದಕ್ಕೆ, ಹೆಬ್ಬೆರಳು ಹೊರಕ್ಕೆ

ವಿದ್ಯಾರ್ಥಿ ಮಿತ್ರರೇ, ಒಮ್ಮೆ ಎದ್ದು ನಿಲ್ಲಿ. ನೆಟ್ಟಗೆ, ಮುಖ ಮುಂದಕ್ಕೆ, ಪಾದಗಳೂ ಮುಂದಕ್ಕೆ. ತೋಳುಗಳನ್ನು ಇಳಿಬಿಟ್ಟು ಅಂಗೈಗಳನ್ನು ಮುಂದಕ್ಕೆ ತಿರುಗಿಸಿ. ಇದೇ ಅಂಗರಚನಾಶಾಸ್ತ್ರದ ಪ್ರಮಾಣಭಂಗಿ. ಈಗ ಮುಂದೋಳಿನ ಎರಡು ಮೂಳೆಗಳು, ರೇಡಿಯಸ್ ಮತ್ತು ಅಲ್ನಾ, ಸಮಾನಾಂತರವಾಗಿವೆ. ಅಂಗೈಯನ್ನು ಹಿಂದಕ್ಕೆ ತಿರುಗಿಸಿ: ರೇಡಿಯಸ್ ಅಲ್ನಾದ ಮೇಲೆ ಅಡ್ಡ ಹಾಯುತ್ತದೆ, ಹೊರಗಿದ್ದ ಹೆಬ್ಬೆರಳು ಒಳಗಾಗುತ್ತದೆ. ಅದಕ್ಕೇ ರೋಗಿ ಬೋರಲು ಮಲಗಿದ್ದರೂ ವೈದ್ಯರ ಬರವಣಿಗೆಯಲ್ಲಿ ಹೀಗೆಯೇ ನಿಂತಿರುತ್ತಾನೆ. ಎಡ-ಬಲವೂ ರೋಗಿಯದೇ, ನೋಡುವವರದಲ್ಲ. (ನಮ್ಮ ಸ್ಟುಡಿಯೋದಲ್ಲಿ ಕ್ಯಾಮೆರಾದ ಎಡವೆಂದರೆ ಅದರೆದುರು ಕುಳಿತವರ ಬಲ!) ಎರಡು ಮೂತ್ರಪಿಂಡಗಳಲ್ಲಿ ರೋಗ ತಗುಲಿದ್ದನ್ನು ತೆಗೆಯುವಾಗ ಈ ಒಂದು ಪದ ತಪ್ಪಿದರೆ ಒಳ್ಳೆಯದೇ ಹೋದೀತು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಶಸ್ತ್ರಚಿಕಿತ್ಸಾ ತಪಾಸಣಾ ಪಟ್ಟಿಯಲ್ಲಿ, ಜಾಗಕ್ಕೆ ಗುರುತು ಹಾಕಿದೆಯೇ ಎಂಬ ಪ್ರಶ್ನೆ ಅರಿವಳಿಕೆ ಕೊಡುವ ಮೊದಲೇ ಬರುತ್ತದೆ.